ಬೆರಳಿಗೂ ತೆರೆಯಲಿ ಮುದ್ದೇನಹಳ್ಳಿ

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಸ್ಮರಣಾರ್ಥವಾಗಿರುವ ವಸ್ತುಸಂಗ್ರಹಾಲಯದಲ್ಲಿ, ಅವರಿಗೆ ಸಂದ ಪ್ರಶಸ್ತಿಗಳೂ, ಅವರು ಬಳಸಿದ ಕನ್ನಡಕ, ಪುಸ್ತಕಾದಿಗಳೂ ಇರುವುವಷ್ಟೆ. ಅವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆಯುವುದು ಅವರ ವಿಸಿಟಿಂಗ್ ಕಾರ್ಡುಗಳನ್ನು ಮುದ್ರಿಸುತ್ತಿದ್ದ ಪುಟ್ಟ ಅಚ್ಚು. ಕಣ್ಣುಳ್ಳವನು ಅದನ್ನು ಕ್ಷಣಮಾತ್ರ ನೋಡಿ ಮುಂದೆ ಸಾಗುತ್ತಾನೆ. ಅದರದೊಂದು ಉಬ್ಬಚ್ಚಿನ ಪ್ರತಿಕೃತಿಯನ್ನು ಅಂಧಬಾಲಕನೊಬ್ಬನ ಕೈಗಿತ್ತರೆ, ಆ ಮಹನೀಯರ ಹೆಸರಿನ ಒಂದೊಂದು ಅಕ್ಷರವನ್ನೂ ಅವನು ಬೆರಳ ತುದಿಯಿಂದಲೇ ಅರಿತಾನು.

ಹಳೆಯ ವಸ್ತುಗಳನ್ನು ಮುಟ್ಟಗೊಡದ ಸಂರಕ್ಷಕರ ಆತಂಕ ನಿರಾಧಾರವಾದುದಲ್ಲ. ಬೆವರು, ಜಿಡ್ಡುಗಳು ಲೋಹವನ್ನೂ ಕಾಗದವನ್ನೂ ಮೆಲ್ಲಮೆಲ್ಲನೆ ತಿನ್ನುತ್ತವೆ. ಪ್ರತಿಕೃತಿಗೆ ಆ ಭಯವೆಲ್ಲಿಯದು? ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವು ‘ಅನುಭವ್’ ಎಂಬ ವಿಭಾಗದಲ್ಲಿ ಶಿಲ್ಪಗಳ ಪ್ರತಿರೂಪಗಳನ್ನು ಬ್ರೈಲ್ ವಿವರಣೆಯೊಡನೆ ಸ್ಪರ್ಶಕ್ಕೆಂದೇ ಇರಿಸಿದೆ. ಇದನ್ನು ದಯೆಯ ಮಾತೆಂದು ಯಾರೂ ಭಾವಿಸದಿರಲಿ. ವಿಕಲಚೇತನರ ಹಕ್ಕುಗಳ 2016ರ ಅಧಿನಿಯಮವು ಸಾಂಸ್ಕೃತಿಕ ಜೀವನವನ್ನೂ ಅವರ ಹಕ್ಕುಗಳ ಸಾಲಿನಲ್ಲಿಯೇ ಗಣಿಸಿದೆ. ಪ್ರವೇಶಾನುಕೂಲತೆಯ ನಿಯಮಗಳು ಕೇವಲ ಸಲಹೆಗಳಾಗಿ ಉಳಿಯಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ.

ಮುದ್ದೇನಹಳ್ಳಿಗಂತೂ ಈ ಕಾರ್ಯ ವಿಶೇಷವಾಗಿ ಒಪ್ಪುತ್ತದೆ. ಪುಣೆಯ ಬಳಿಯ ಖಡಕ್ವಾಸ್ಲಾ ಜಲಾಶಯದಲ್ಲಿ ವಿಶ್ವೇಶ್ವರಯ್ಯನವರು ಅಳವಡಿಸಿದ ಸ್ವಯಂಚಾಲಿತ ತೂಬುಬಾಗಿಲುಗಳು, ನೀರು ಗೊತ್ತಾದ ಮಟ್ಟವನ್ನು ಮೀರುತ್ತಲೇ ತಾವಾಗಿ ತೆರೆದು, ಅದು ಇಳಿದಂತೆ ತಾವಾಗಿ ಮುಚ್ಚಿಕೊಳ್ಳುವಂಥವು. ಗಾಜಿನ ಹಿಂದಣ ಚಿತ್ರವು ಈ ಯುಕ್ತಿಯನ್ನು ಕಣ್ಣುಳ್ಳವರಿಗೂ ಸರಿಯಾಗಿ ತಿಳಿಸಲಾರದು. ತೊಟ್ಟಿಯೊಂದರಲ್ಲಿ ನೀರೆರೆದು, ಬಾಗಿಲು ಏಳುವಾಗಿನ ಒತ್ತಡವನ್ನು ಅಂಗೈಯಲ್ಲಿಯೇ ಅರಿಯುವಂಥ ಮಾದರಿಯೊಂದನ್ನು ನಿರ್ಮಿಸಿದರೆ, ಕಾಣದ ಮಗುವೂ ಕಾಣುವ ಮಗುವೂ ಒಂದೇ ಪಾಠವನ್ನು ಒಟ್ಟಿಗೆ ಕಲಿತಾರು.

ಈ ಕಾರ್ಯ ಮುದ್ದೇನಹಳ್ಳಿಯೊಂದಕ್ಕೇ ನಿಲ್ಲಬೇಕಿಲ್ಲ. 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಕಥೆಯನ್ನು ಕಿವುಡರಿಗೆ ಸಂಜ್ಞಾಭಾಷೆಯಲ್ಲಿ ಹೇಳಬೇಡವೆ? ಶಿಡ್ಲಘಟ್ಟದ ರೇಷ್ಮೆಗಾದರೋ ಪ್ರತಿಕೃತಿಯೇ ಬೇಡ: ಗೂಡಿನ ಒರಟು, ಬಿಸಿನೀರಿನ ಘಾಟು, ನೂಲು ಬಿಚ್ಚುವ ರಾಟೆಯ ಸದ್ದು, ಇವೇ ಬೋಧಕಗಳು.

ಇಷ್ಟಾದರೂ ಬಾಗಿಲು ದಾಟದೆ ಒಳಗಿನದು ದಕ್ಕದು. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು ಬೇಕೆಂಬುದು ಅಂಗೀಕೃತ ಪ್ರಮಾಣ. ಅರ್ಧ ಅಡಿಯ ಹೊಸ್ತಿಲಿಗೂ ಆರಡಿ ಹಾದಿ ಬೇಕು. ಅವಸರದಿಂದ ಹಾಕಿದ ಕಡಿದಾದ ಸಿಮೆಂಟು ಇಳಿಜಾರು ಗಾಲಿಕುರ್ಚಿಯವರಿಗೆ ಮೆಟ್ಟಿಲಿಗಿಂತಲೂ ಅಪಾಯಕರ. ಆದ್ದರಿಂದ ನಕ್ಷೆ ಸಿದ್ಧವಾಗುವ ಮೊದಲೇ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳ ವಿಕಲಚೇತನರನ್ನು ಬರಮಾಡಿಕೊಂಡು, ಎಲ್ಲಿ ಚಕ್ರ ತಡೆಯಿತು, ಎಲ್ಲಿ ಕೋಲು ತಡವರಿಸಿತು ಎಂಬುದನ್ನು ಅವರಿಂದಲೇ ಕೇಳಿ ಬರೆದುಕೊಳ್ಳಬೇಕು. ಸೆಪ್ಟೆಂಬರ್ 15ರ ಇಂಜಿನಿಯರುಗಳ ದಿನದಂದು ಮಾಲಾರ್ಪಣೆಗೆ ಬರುವ ಇಂಜಿನಿಯರು ಮಹಾಶಯರು, ಅಳತೆಪಟ್ಟಿಯನ್ನೂ ಜೊತೆಗೆ ತಂದು, ಆ ಕೆಲಸವನ್ನು ಅಂದೇ ಆರಂಭಿಸಬಹುದು.