ಹೊಸ ಪಠ್ಯಕ್ರಮಕ್ಕೆ ಮೊದಲು ಪುಸ್ತಕ

"ಇಡೀ ದೇಶಕ್ಕೆ ಒಂದೇ ಸಿಲೆಬಸ್, ಒಂದೇ ಪುಸ್ತಕ ಮಾಡಿಬಿಟ್ಟರೆ ಈ ತಾಪತ್ರಯವೇ ಇರುವುದಿಲ್ಲ." ಜೂನ್ ಬಂತೆಂದರೆ ನವಿ ಮುಂಬಯಿಯ ಘಣಸೋಲಿ, ಐರೋಲಿ, ಕೋಪರ್‌ಖೈರಣೆಯ ನಮ್ಮ ಕನ್ನಡಿಗರ ಬಾಯಲ್ಲೂ ಈ ಮಾತು ಕೇಳಿಬರುತ್ತದೆ. ಸ್ಟೇಷನರಿ ಅಂಗಡಿಯ ಮುಂದೆ ಪುಸ್ತಕದ ಸೆಟ್ಟಿಗಾಗಿ ಸಾಲುಗಟ್ಟಿ ನಿಂತವರಿಗೆ ಹಾಗನ್ನಿಸುವುದು ಸಹಜ. ನಾನು ಮಾತ್ರ ಇದನ್ನು ಒಪ್ಪಲಾರೆ. ದಿಲ್ಲಿಯಲ್ಲಿ ನೀತಿ ಬದಲಾದಾಗಲೆಲ್ಲ ಪೆಟ್ಟು ಮೊದಲು ಬೀಳುವುದು ಕಡಿಮೆ ಪ್ರತಿ ಅಚ್ಚಾಗುವ ಪುಸ್ತಕಕ್ಕೆ. ಮಹಾರಾಷ್ಟ್ರದಲ್ಲಿ ಅಂಥ ಪುಸ್ತಕಗಳಲ್ಲಿ ಕನ್ನಡದ್ದೂ ಒಂದು. ಎಲ್ಲ ಮಾಧ್ಯಮಗಳ ಪುಸ್ತಕ ಶಾಲೆಗೆ ತಲುಪುವ ತನಕ ಯಾವ ಹೊಸ ಪಠ್ಯಕ್ರಮವೂ ಜಾರಿಗೆ ಬರಕೂಡದು.

ಒಂದೇ ಪುಸ್ತಕ ಬೇಕೆನ್ನುವವರ ಕಷ್ಟ ಸುಳ್ಳಲ್ಲ. ಉಡುಪಿಯಿಂದ ಪುಣೆಗೆ, ಪುಣೆಯಿಂದ ನವಿ ಮುಂಬಯಿಗೆ ವರ್ಗವಾಗುವ ಬ್ಯಾಂಕ್ ನೌಕರರ ಮಗಳು ಊರೂರಿಗೂ ಹೊಸ ಪಾಠದೊಂದಿಗೆ ಗುದ್ದಾಡಬೇಕೇಕೆ? ನೀಟ್, ಜೆಇಇ ಬರೆಯುವವರಿಗೆ ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕವಿಲ್ಲದೆ ನಡೆಯದು. ಎಂಟನೇ ತರಗತಿವರೆಗೆ ಅದರ ಪುಸ್ತಕಕ್ಕೆ ತಲಾ 65 ರೂಪಾಯಿ. ಖಾಸಗಿ ಪ್ರಕಾಶಕರ ಸೆಟ್ಟಿಗೆ ಸಾವಿರಾರು ರೂಪಾಯಿ ತೆತ್ತು, ಅದನ್ನೂ ಶಾಲೆ ಹೇಳಿದ ಅಂಗಡಿಯಲ್ಲೇ ಕೊಳ್ಳಬೇಕಾದ ತಂದೆತಾಯಿಯ ಸಿಟ್ಟು ನ್ಯಾಯವಾದದ್ದೇ. ಅಗ್ಗದ, ಒಳ್ಳೆಯ ಪುಸ್ತಕವನ್ನು ಸರಕಾರವೇ ಮಾಡಿಕೊಡಬೇಕು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಮಹಾರಾಷ್ಟ್ರ ಆ ಕೆಲಸವನ್ನು 1967ರಲ್ಲೇ ಶುರುಮಾಡಿತು. ಅದಕ್ಕೆಂದೇ ರಾಜ್ಯ ಕಟ್ಟಿದ ಪುಣೆಯ ಬಾಲಭಾರತಿ ಮರಾಠಿ, ಉರ್ದು, ಗುಜರಾತಿಗಳ ಜೊತೆಗೆ ಕನ್ನಡದಲ್ಲೂ ಪಠ್ಯಪುಸ್ತಕ ತರುತ್ತ ಬಂದಿದೆ. ಕರ್ನಾಟಕದ ಗಡಿಗೆ ಹತ್ತಿದ ಅಕ್ಕಲಕೋಟೆ, ಜತ್ತದ ಹಳ್ಳಿಶಾಲೆಗಳೂ ಮುಂಬಯಿ ಪಾಲಿಕೆಯ ಕನ್ನಡ ಶಾಲೆಗಳೂ ಈ ಪುಸ್ತಕಗಳನ್ನೇ ನಂಬಿಕೊಂಡಿವೆ. ಗೈಡು ಮಾಡುವ ಖಾಸಗಿಯವರು ಲಾಭವಿಲ್ಲದ ಕಡೆ ಸುಳಿಯುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಹುಡುಗನಿಗೆ ಒಂದು ಪುಸ್ತಕ ತಡವಾದರೆ ಹತ್ತು ಬದಲಿ ಸಿಗುತ್ತವೆ. ಕನ್ನಡ ಮಾಧ್ಯಮದವನಿಗೆ ಬಾಲಭಾರತಿಯದು ಬಾರದಿದ್ದರೆ ಏನೂ ಇಲ್ಲ.

ಪುಸ್ತಕ ಹೇಗೆ ತಯಾರಾಗುತ್ತದೆಂಬುದನ್ನು ನೀತಿ ಬರೆಯುವವರು ಒಮ್ಮೆ ಪ್ರೆಸ್ಸಿಗೆ ಹೋಗಿ ನೋಡಬೇಕು. ಮೂಲ ಸಿದ್ಧವಾದ ಮೇಲೆ ಅನುವಾದ, ಡಿಟಿಪಿ, ಎರಡು ಮೂರು ಸಲ ಕರಡು ತಿದ್ದುವುದು, ನಕ್ಷೆ ಮತ್ತು ಚಿತ್ರಗಳ ಒಳಗಿನ ಹೆಸರುಗಳನ್ನೆಲ್ಲ ಕನ್ನಡಕ್ಕೆ ತರುವುದು. ಆಮೇಲೆ ಪ್ಲೇಟು. ಹದಿನಾರು ಪುಟದ ಒಂದು ಫಾರ್ಮಿಗೆ, ನಾಲ್ಕು ಬಣ್ಣದ ಅಚ್ಚಾದರೆ, ಹಾಳೆಯ ಎರಡು ಮಗ್ಗುಲಿಗೂ ಸೇರಿ ಎಂಟು ಪ್ಲೇಟು ಬೇಕು. 128 ಪುಟದ ವಿಜ್ಞಾನ ಪುಸ್ತಕಕ್ಕೆ 64. ಲಕ್ಷಗಟ್ಟಲೆ ಅಚ್ಚಾಗುವ ಮರಾಠಿ ಪುಸ್ತಕವಾಗಲಿ, ಕೆಲವೇ ಸಾವಿರದ ಕನ್ನಡ ಪುಸ್ತಕವಾಗಲಿ, ಮೊದಲ ಪ್ರತಿ ಯಂತ್ರದಿಂದ ಹೊರಬರುವ ಮುನ್ನ ಈ ಖರ್ಚಿನಲ್ಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಮರಾಠಿಯದು ಒಂದೇ ಮುದ್ರಣದಲ್ಲಿ ಹಂಚಿಹೋಗುತ್ತದೆ. ಕನ್ನಡದ್ದು ಹಂಚಿಹೋಗಬೇಕಾದರೆ ಅದೇ ಪಾಠ ಏಳೆಂಟು ವರ್ಷ ಮರುಮುದ್ರಣವಾಗುತ್ತಿರಬೇಕು. ಸಣ್ಣ ಮಾಧ್ಯಮದ ಪ್ರಕಾಶಕನಿಗೆ ಪಠ್ಯಕ್ರಮದ ಆಯುಷ್ಯವೇ ಬಂಡವಾಳ.

ಈಗ 2025ರ ಏಪ್ರಿಲ್ 16ರಂದು ಮಹಾರಾಷ್ಟ್ರ ಸರಕಾರ ಹೊರಡಿಸಿದ ಆದೇಶವನ್ನು ನೋಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಜಾರಿಗಾಗಿ ಬಂದದ್ದು ಅದು. ಒಂದನೇ ತರಗತಿಯಿಂದಲೇ ಹಿಂದಿ ಕಡ್ಡಾಯ ಎಂಬ ಸಾಲನ್ನು ಎಲ್ಲರೂ ಓದಿದರು. ಗಲಾಟೆಯಾಯಿತು, ಜೂನ್ 29ರಂದು ಸರಕಾರ ಹಿಂದೆ ಸರಿಯಿತು. ಅದೇ ಆದೇಶದಲ್ಲಿ ಇನ್ನೊಂದು ವೇಳಾಪಟ್ಟಿ ಇತ್ತು: 2025-26ರಲ್ಲಿ ಒಂದನೇ ತರಗತಿ, ಮರುವರ್ಷ 2, 3, 4 ಮತ್ತು 6, ಹೀಗೆ 2028-29ರೊಳಗೆ ಹನ್ನೆರಡನೇ ತರಗತಿವರೆಗೆ ಎಲ್ಲವೂ ಹೊಸದು. ಒಂದೇ ವರ್ಷದಲ್ಲಿ ನಾಲ್ಕು ತರಗತಿಗಳ ಎಲ್ಲ ವಿಷಯಗಳನ್ನು ಕನ್ನಡಕ್ಕೆ ತರುವವರು ಯಾರು? ಅನುವಾದಕರನ್ನು ಎಲ್ಲಿಂದ ಕರೆತರುತ್ತಾರೆ? ಈ ಪ್ರಶ್ನೆಗಾಗಿ ಯಾರೂ ಬೀದಿಗಿಳಿಯಲಿಲ್ಲ.

ನೀತಿಯೇನೋ ಐದನೇ ತರಗತಿವರೆಗೆ, ಸಾಧ್ಯವಾದರೆ ಎಂಟರವರೆಗೂ, ಮಾತೃಭಾಷೆಯಲ್ಲೇ ಕಲಿಸಿ ಎನ್ನುತ್ತದೆ. ಒಳ್ಳೆಯ ಮಾತು. ಅದರ ಜೊತೆಗೇ ಸಾಧ್ಯವಿರುವ ಕಡೆ ಎಂಬ ಷರತ್ತೂ ಇದೆ. ಸಾಧ್ಯವಾಗಿಸುವುದು ಪುಸ್ತಕ, ಆ ಪುಸ್ತಕದ ಖರ್ಚು ಯಾರದೆಂದು ಮಾತ್ರ ನೀತಿ ಹೇಳುವುದಿಲ್ಲ. 2023ರ ಜುಲೈಯಲ್ಲಿ ಸಿಬಿಎಸ್‌ಇ ಭಾರತೀಯ ಭಾಷೆಗಳಲ್ಲಿ ಪಾಠ ಮಾಡಲು ತನ್ನ ಶಾಲೆಗಳಿಗೆ ಅನುಮತಿ ಕೊಟ್ಟಿತು. ಎನ್‌ಸಿಇಆರ್‌ಟಿಯಾದರೋ ದಶಕಗಳಿಂದ ಪಠ್ಯಪುಸ್ತಕ ತರುತ್ತ ಬಂದದ್ದು ಹಿಂದಿ, ಇಂಗ್ಲಿಷ್, ಉರ್ದುವಿನಲ್ಲಿ. 2024ರಲ್ಲಿ ಆರನೇ ತರಗತಿಯ ಹೊಸ ಪುಸ್ತಕಗಳು ಏಪ್ರಿಲಿಗೆ ಸಿದ್ಧವಾಗದೆ ಮಕ್ಕಳನ್ನು ಬ್ರಿಜ್ ಕೋರ್ಸಿನಲ್ಲಿ ಕೂರಿಸಬೇಕಾಯಿತು. ಹಿಂದಿ, ಇಂಗ್ಲಿಷಿಗೇ ಈ ಗತಿಯಾದರೆ ಕನ್ನಡದ ಸರದಿ ಯಾವಾಗ? ಪಿಡಿಎಫ್ ಇದೆಯಲ್ಲ ಎನ್ನುವವರು ಒಂದೇ ಮೊಬೈಲ್ ಇರುವ ಮನೆಯಲ್ಲಿ ಮೂರು ಮಕ್ಕಳು ಓದುವುದನ್ನು ಕಂಡಿಲ್ಲ.

ಪಠ್ಯಕ್ರಮದ ಆಯುಷ್ಯ ಕಡಿಮೆಯಾದರೆ ಏನಾಗುತ್ತದೆಂಬುದನ್ನು ಕರ್ನಾಟಕದಲ್ಲಿ ನೋಡಿ. 2021ರ ಆಗಸ್ಟಿನಲ್ಲಿ ಎಲ್ಲರಿಗಿಂತ ಮೊದಲು ಈ ನೀತಿಯನ್ನು ಪದವಿ ತರಗತಿಗಳಿಗೆ ತಂದದ್ದು ಆ ರಾಜ್ಯ. ಸರಕಾರ ಬದಲಾಯಿತು, 2024-25ರಲ್ಲಿ ಆ ನೀತಿಯನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿ. ಯಾವುದು ಸರಿ ಎಂಬ ಚರ್ಚೆ ಬೇರೆ. ಮೂರೇ ವರ್ಷಕ್ಕೆ ಹಳತಾದ ಪಠ್ಯ ರದ್ದಿಗೆ ಹೋಗುತ್ತದೆ, ಅದರಲ್ಲಿ ಹಣ ಹಾಕಿದ ಕನ್ನಡ ಪ್ರಕಾಶಕ ಮುಂದಿನ ಸಲ ಅಧ್ಯಾಪಕರು ಹಸ್ತಪ್ರತಿ ತಂದರೆ ಕೈ ಮುಗಿಯುತ್ತಾನೆ.

ಕಾಗದದ ಕಥೆಯನ್ನೂ ಹೇಳಲೇಬೇಕು. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ಕಿನ ಕಾಗದಕ್ಕೆ ಜಿಎಸ್‌ಟಿ ಇಲ್ಲ, ಪಠ್ಯಪುಸ್ತಕ ಅಚ್ಚುಹಾಕುವ ಕಾಗದಕ್ಕೆ ಶೇಕಡಾ 18, ಮೊದಲು 12 ಇತ್ತು. ಪುಸ್ತಕಕ್ಕೆ ತೆರಿಗೆ ವಿನಾಯಿತಿ ಇರುವುದರಿಂದಲೇ ಕಾಗದಕ್ಕೆ ಕಟ್ಟಿದ ತೆರಿಗೆ ಪ್ರಕಾಶಕನಿಗೆ ವಾಪಸು ಬರುವುದಿಲ್ಲ. ಮಗು ಬರೆಯುವ ಹಾಳೆಗೆ ಕೊಟ್ಟ ರಿಯಾಯಿತಿಯನ್ನು ಓದುವ ಹಾಳೆಗೆ ಕೊಡಲು ಏನಡ್ಡಿ?

ಪಠ್ಯ ಬದಲಾಗಲೇಬಾರದೆಂದು ನಾನು ಹೇಳುತ್ತಿಲ್ಲ. ವಿಜ್ಞಾನ ಬೆಳೆದಂತೆ, ತಪ್ಪುಗಳು ಕಂಡಂತೆ ತಿದ್ದಲೇಬೇಕು. ಆದರೆ ಶಿಕ್ಷಣ 1976ರ ತಿದ್ದುಪಡಿಯಿಂದ ಕೇಂದ್ರಕ್ಕೂ ರಾಜ್ಯಕ್ಕೂ ಅಧಿಕಾರವಿರುವ ಸಮವರ್ತಿ ಪಟ್ಟಿಯಲ್ಲಿದೆ, ಅಧಿಕಾರದಲ್ಲಿ ಪಾಲು ಕೇಳಿದ ಕೇಂದ್ರ ಖರ್ಚಿನಲ್ಲೂ ಪಾಲು ಕೊಡಲಿ. ಸಣ್ಣ ಮಾಧ್ಯಮಗಳ ಅನುವಾದದ್ದೂ ಪ್ಲೇಟಿನದ್ದೂ ಖರ್ಚನ್ನು ಅದು ಹೊರಲಿ. ಒಮ್ಮೆ ಬಂದ ಪಠ್ಯಕ್ಕೆ ಎಂಟು ವರ್ಷದ ಆಯುಷ್ಯ ಇರಲಿ. ಮುಂಬಯಿ, ಠಾಣೆಯ ಕನ್ನಡ ಸಂಘಗಳು ಅಕ್ಕಲಕೋಟೆ, ಜತ್ತದ ಶಿಕ್ಷಕರನ್ನು ಜೊತೆಗೆ ಕರೆದುಕೊಂಡು ಪುಣೆಗೂ ದಿಲ್ಲಿಗೂ ಹೋಗಿ ಇದನ್ನು ಕೇಳಬೇಕು, ಮುಂದಿನ ಜೂನ್ ಬರುವುದರೊಳಗೆ.