ನಾಲ್ಕು ವರ್ಷದಲ್ಲಿ ಏನು ಕಂಡುಹಿಡಿದೆ?

ನಮ್ಮ ಐಟಿ ಮಂದಿಗೆ ಒಂದು ಕೆಟ್ಟ ಚಾಳಿ ಇದೆ. ಪಿಎಚ್‌ಡಿ ಮಾಡ್ತಿರೋರು ಯಾರೇ ಸಿಗಲಿ, ಎರಡನೇ ಮಾತಿಗೇ "ಎಷ್ಟು ವರ್ಷ ಆಯ್ತು? ಏನು ಕಂಡುಹಿಡಿದ್ರಿ?" ಅಂತ ಕೇಳಿಬಿಡ್ತೀವಿ, ಬೆಳಗಿನ ಸ್ಟ್ಯಾಂಡಪ್ ಮೀಟಿಂಗಲ್ಲಿ ಜೂನಿಯರ್‌ನ ಕೇಳೋ ಹಾಗೆ. ಅವರ ವಿಷಯ ಚಟ ಮತ್ತು ಗಮನ ಅಂತ ಗೊತ್ತಾಗಿಬಿಟ್ಟರಂತೂ ಮುಗೀತು. ಆಮೇಲೆ ಬರೋದು ಪ್ರಶ್ನೆ ಅಲ್ಲ, ಆರ್ಡರ್ರು. "ಹಾಗಾದ್ರೆ ಈ ರೀಲ್ಸ್ ಬಿಡೋಕೆ ಒಂದು ಟಿಪ್ ಕೊಡಿ."

ನನ್ನ ಚಿಕ್ಕಮ್ಮನ ಮಗಳು ಇದೇ ವಿಷಯದಲ್ಲಿ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ನಾಲ್ಕನೇ ವರ್ಷದ ಸಂಶೋಧನಾ ವಿದ್ಯಾರ್ಥಿನಿ. ಹೆಸರು ಬೇಡ, ತಂಗಿ ಅಂತಲೇ ಕರೀತೀನಿ. ಇತ್ತೀಚೆಗೆ ನೆಂಟರ ಮನೆ ಗೃಹಪ್ರವೇಶ, ನಾಮಕರಣಕ್ಕೆಲ್ಲ ಬರೋದನ್ನೇ ನಿಲ್ಲಿಸಿದ್ದಾಳೆ. ಬಂದರೆ ಟಿಪ್ ಕೊಡಬೇಕಲ್ಲ! ಅವಳ ಪರವಾಗಿ ಜಗಳ ಆಡೋಕೆ ಈ ಬರಹ. ಇದರಲ್ಲಿರೋ ವಿಜ್ಞಾನವನ್ನ ಓದಿ ತಿದ್ದಿಕೊಟ್ಟಿದ್ದು ಅವಳು. ಸಿಟ್ಟು ಪೂರ್ತಿ ನನ್ನದು.

ಮೊದಲು ಈ ಡೋಪಮೈನ್ ವಿಚಾರ ಮುಗಿಸಿಬಿಡೋಣ. ನಮ್ಮಜ್ಜಿ ಕಾಲದಲ್ಲಿ ಏನೇ ಕೆಟ್ಟರೂ ಶನಿಕಾಟ. ನಮಗೆ ಡೋಪಮೈನ್. ಬೆಳಿಗ್ಗೆ ಏಳೋಕಾಗ್ಲಿಲ್ಲ, ಡೋಪಮೈನ್. ಬಿರಿಯಾನಿ ಆರ್ಡರ್ ಮಾಡಿದೆ, ಡೋಪಮೈನ್. ಅಜ್ಜಿ ಎಳ್ಳುಬತ್ತಿ ಹಚ್ಚಿ ಸುಮ್ಮನಾಗ್ತಿದ್ರು, ನಾವು ಸಕಲೇಶಪುರದ ಕಡೆ ರೆಸಾರ್ಟ್ ಬುಕ್ ಮಾಡಿ ಎರಡು ದಿನ 'ಡೋಪಮೈನ್ ಡಿಟಾಕ್ಸ್' ಮಾಡಿ ಬರ್ತೀವಿ, ಬಂದ ತಕ್ಷಣ ಅದರ ಫೋಟೋ ಹಾಕ್ತೀವಿ. 2019ರಲ್ಲಿ ಈ 'ಡೋಪಮೈನ್ ಉಪವಾಸ'ವನ್ನ ಜನಪ್ರಿಯ ಮಾಡಿದ ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ಕ್ಯಾಮೆರಾನ್ ಸೆಪಾ ಅವರೇ, ಹೆಸರನ್ನ ಅಕ್ಷರಶಃ ತಗೋಬೇಡಿ, ಡೋಪಮೈನ್ ಕಮ್ಮಿ ಮಾಡೋದು ಇದರ ಉದ್ದೇಶ ಅಲ್ಲ ಅಂದಿದ್ದರು. ಯಾರು ಕೇಳ್ತಾರೆ? ಮಿದುಳಲ್ಲಿ ಡೋಪಮೈನ್ ತಯಾರಿಸೋ ಕೋಶಗಳು ನಿಜಕ್ಕೂ ಸತ್ತುಹೋದ್ರೆ ಏನಾಗುತ್ತೆ ಗೊತ್ತಾ? ಪಾರ್ಕಿನ್ಸನ್ ಕಾಯಿಲೆ. ಕುರ್ಚಿಯಿಂದ ಏಳೋದೇ ಒಂದು ಸಾಹಸ ಆಗಿಬಿಡುತ್ತೆ. ಆ ಕಾಯಿಲೆಗೆ ಕೊಡೋ, ಡೋಪಮೈನ್ ಥರ ಕೆಲಸ ಮಾಡೋ ಕೆಲವು ಮಾತ್ರೆಗಳಿಂದ ಒಂದಷ್ಟು ರೋಗಿಗಳಿಗೆ ಜೀವನದಲ್ಲಿ ಇಲ್ಲದ ಜೂಜಿನ ಹುಚ್ಚು ಹತ್ತಿಕೊಳ್ಳುತ್ತೆ ಅನ್ನೋದೂ ದಾಖಲಾಗಿದೆ. ಅಂದ್ರೆ ವಿಷಯ ಗಂಭೀರವಾಗಿಯೇ ಇದೆ. ವೀಕೆಂಡ್ ಪ್ಯಾಕೇಜಿನ ಸರಕಲ್ಲ.

ಡೋಪಮೈನ್ ಸುಖದ ರಸಾಯನ ಅಂತ ನೀವು ಅಂದುಕೊಂಡಿದ್ರೆ, ಆ ಮಾತು ಹಳತಾಗಿ ಮೂವತ್ತು ವರ್ಷ ಆಗ್ತಾ ಬಂತು. ವೋಲ್ಫ್ರಾಮ್ ಶುಲ್ಟ್ಸ್ ಮಂಗಗಳಿಗೆ ಜ್ಯೂಸ್ ಕೊಟ್ಟು ಒಂದೊಂದೇ ನರಕೋಶದ ಸದ್ದು ಕೇಳಿಸಿಕೊಂಡರು. ನಿರೀಕ್ಷೆ ಇಲ್ಲದೆ ಜ್ಯೂಸ್ ಬಂದಾಗ ಕೋಶ ಚಟಪಟ ಅನ್ನುತ್ತೆ. ಜ್ಯೂಸಿಗೆ ಮೊದಲು ದೀಪ ಹತ್ತುತ್ತೆ ಅಂತ ಮಂಗ ಕಲಿತ ಮೇಲೆ, ದೀಪಕ್ಕೇ ಚಟಪಟ, ಜ್ಯೂಸ್ ಬಂದಾಗ ಏನೂ ಇಲ್ಲ. ದೀಪ ಹತ್ತಿ ಜ್ಯೂಸ್ ಬರಲಿಲ್ಲ ಅನ್ನಿ, ಸರಿಯಾಗಿ ಅದು ಬರಬೇಕಿದ್ದ ಹೊತ್ತಿಗೆ ಕೋಶ ಮಾಮೂಲಿಗಿಂತಲೂ ತಣ್ಣಗಾಗುತ್ತೆ. ಇದು ಸುಖದ ಲೆಕ್ಕ ಅಲ್ಲ, ಅಂದಾಜು ಎಷ್ಟು ತಪ್ಪಿತು ಅನ್ನೋ ಲೆಕ್ಕ. 1997ರ ಪ್ರಬಂಧ. ಅದಕ್ಕೂ ಮೊದಲೇ, 1993ರಲ್ಲಿ, ಟೆರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಡ್ಜ್ 'ಬೇಕು ಅನ್ಸೋದು' ಬೇರೆ, 'ಇಷ್ಟ ಆಗೋದು' ಬೇರೆ ಅಂತ ವಾದ ಹೂಡಿದ್ದರು. ಚಟ ಬಲಿತಂತೆ ಮೊದಲನೆಯದು ಉಬ್ಬುತ್ತಾ ಹೋಗುತ್ತೆ, ಎರಡನೆಯದು ಹಾಗೆ ಬೆಳೆಯೋದಿಲ್ಲ. ಕುಡುಕರ ಮನೆಯಲ್ಲಿ ಬೆಳೆದ ಯಾರನ್ನಾದರೂ ಕೇಳಿ. ಕೊನೆಕೊನೆಗೆ ಆ ಮನುಷ್ಯ ಖುಷಿಗೆ ಕುಡಿಯೋದಿಲ್ಲ ಅಂತ ಅವರು ನಿಮಗೆ ಹೇಳ್ತಾರೆ, ಪ್ರಬಂಧ ಓದದೆಯೇ.

ಇನ್ನು ಗಮನದ ಕತೆ. "ಮನುಷ್ಯರ ಗಮನ ಈಗ ಎಂಟೇ ಸೆಕೆಂಡು, ಗೋಲ್ಡ್‌ಫಿಶ್‌ಗಿಂತ ಕಮ್ಮಿ" ಅನ್ನೋ ಸ್ಲೈಡ್ ಕಾಣದ ಕಾರ್ಪೊರೇಟ್ ಟ್ರೈನಿಂಗ್ ಉಂಟಾ? 2015ರಲ್ಲಿ ಮೈಕ್ರೋಸಾಫ್ಟ್‌ನ ಕೆನಡಾ ಶಾಖೆ ಜಾಹೀರಾತುದಾರರಿಗೆ ಅಂತ ಮಾಡಿದ ವರದಿಯಿಂದ ಇದು ಊರೆಲ್ಲ ಹಬ್ಬಿತು. ಆ ಅಂಕಿ ಬಂದಿದ್ದು ಬೇರೊಂದು ವೆಬ್‌ಸೈಟಿನಿಂದ. ಬಿಬಿಸಿಯವರು 2017ರಲ್ಲಿ ಅದರ ಬುಡ ಹುಡುಕಿಕೊಂಡು ಹೋದರೆ ಅಲ್ಲಿ ಯಾವ ಸಂಶೋಧನೆಯೂ ಸಿಗಲಿಲ್ಲ. ಮೀನಿನ ಬಗ್ಗೆಯೂ ಸಿಗಲಿಲ್ಲ. ಕಷ್ಟಪಟ್ಟು ಅಳೆದವರ ಲೆಕ್ಕ ಬೇರೆಯದನ್ನು ಹೇಳುತ್ತೆ. ಗ್ಲೋರಿಯಾ ಮಾರ್ಕ್ ಅಮೆರಿಕದ ಆಫೀಸುಗಳಲ್ಲಿ 2004ರ ಹೊತ್ತಿಗೆ ನೋಡಿದಾಗ ಜನ ಒಂದು ಪರದೆಯಿಂದ ಇನ್ನೊಂದಕ್ಕೆ ಹಾರೋಕೆ ಸರಾಸರಿ ಎರಡೂವರೆ ನಿಮಿಷ ತಗೊಳ್ತಿದ್ರು. ಈಚಿನ ವರ್ಷಗಳಲ್ಲಿ ಅದು 47 ಸೆಕೆಂಡ್. ಆದರೆ ಇದು ಮಿದುಳಿನ ಶಕ್ತಿಯ ಅಳತೆ ಅಲ್ಲ, ನಾವು ಕೂತಿರೋ ಜಾಗದ ಅಳತೆ. ಎಡಗಡೆ ಚಾಟ್, ಬಲಗಡೆ ಮೇಲ್, ಮಧ್ಯೆ ಮ್ಯಾನೇಜರ್‌ನ "ಕ್ವಿಕ್ ಕಾಲ್". ಅಲ್ಲಿ 47 ಸೆಕೆಂಡ್ ನಿಂತಿದ್ದೇ ಹೆಚ್ಚು.

ಈಗ ತಂಗಿ ಮಾಡ್ತಿರೋದು ಏನು ಅಂತ ಹೇಳ್ತೀನಿ, ಸ್ವಲ್ಪ ತಾಳ್ಮೆ ಇರಲಿ. ಗಮನ ಎಂಟು ಸೆಕೆಂಡ್ ಅಲ್ಲ ಅಂತ ಈಗಷ್ಟೇ ಹೇಳಿದೆ.

ಸಿಗರೇಟು ಸೇದೋರನ್ನ ಕಂಪ್ಯೂಟರ್ ಮುಂದೆ ಕೂರಿಸ್ತಾರೆ. ಪರದೆ ಮೇಲೆ ಅರ್ಧ ಸೆಕೆಂಡ್ ಎರಡು ಚಿತ್ರ ಬರುತ್ತೆ. ಒಂದು ಕಡೆ ಸಿಗರೇಟು, ಇನ್ನೊಂದು ಕಡೆ ಪೆನ್ಸಿಲ್. ಎರಡೂ ಮಾಯವಾಗಿ ಯಾವುದೋ ಒಂದರ ಜಾಗದಲ್ಲಿ ಚುಕ್ಕಿ ಬರುತ್ತೆ, ಕಂಡ ತಕ್ಷಣ ಬಟನ್ ಒತ್ತಬೇಕು. ಸಿಗರೇಟಿದ್ದ ಕಡೆ ಚುಕ್ಕಿ ಬಂದಾಗ ಬೆರಳು ಬೇಗ ಓಡಿದರೆ, ಕಣ್ಣು ಮೊದಲೇ ಅಲ್ಲಿ ಹೋಗಿ ಕೂತಿತ್ತು ಅಂತ ಅರ್ಥ. ವ್ಯತ್ಯಾಸ ಎಷ್ಟು? ಕೆಲವೇ ಮಿಲಿಸೆಕೆಂಡ್. ಚಟ ಇರೋರ ಗಮನ ಆ ಕಡೆ ವಾಲುತ್ತೆ ಅನ್ನೋಕೆ ಬಹಳ ಕಾಲದಿಂದ ಬಳಸಿದ ಉಪಾಯ ಇದು. ಇದರ ಮೇಲೆ ಪ್ರಬಂಧಗಳು ಬಂದವು, ಗಮನವನ್ನ ಆಚೆ ತಿರುಗಿಸೋ ತರಬೇತಿಯನ್ನೇ ಚಿಕಿತ್ಸೆ ಮಾಡಬಹುದಾ ಅಂತ ಪ್ರಯೋಗಗಳೂ ನಡೆದವು.

ತೊಂದರೆ ಏನಪ್ಪಾ ಅಂದ್ರೆ, ಗುಂಪಿನ ಸರಾಸರಿ ತೆಗೆದಾಗ ವಾಲಿದ್ದು ಕಾಣುತ್ತೆ. ಅದೇ ಒಬ್ಬ ಮನುಷ್ಯನನ್ನ ಈ ವಾರ ಅಳೆದು ಮುಂದಿನ ವಾರ ಅಳೆದರೆ ಅಂಕಿಗೆ ಅಂಕಿ ಹೊಂದೋದಿಲ್ಲ. ತರಕಾರಿ ಅಂಗಡಿಯ ತಕ್ಕಡಿ ನೆನೆಸಿಕೊಳ್ಳಿ. ಒಂದೇ ಕುಂಬಳಕಾಯಿ ಇಟ್ಟರೆ ಸೋಮವಾರ ಎರಡು ಕೆಜಿ, ಮಂಗಳವಾರ ಮುಕ್ಕಾಲು ಕೆಜಿ. ಆ ತಕ್ಕಡಿ ಇಟ್ಟುಕೊಂಡು 'ಯಾರಿಗೆ ಚಟ ಜಾಸ್ತಿ, ಯಾರು ಮತ್ತೆ ಬೀಳ್ತಾರೆ' ಅಂತ ಹೇಳೋದು ಹೇಗೆ? ಇದು ತಂಗಿಯೊಬ್ಬಳ ತಕರಾರಲ್ಲ. ಈ ಕ್ಷೇತ್ರವನ್ನ ವರ್ಷಗಟ್ಟಲೆ ಬೆಳೆಸಿದ ಇಂಗ್ಲೆಂಡಿನ ಮ್ಯಾಟ್ ಫೀಲ್ಡ್ ಅವರೇ 2015ರಲ್ಲಿ ಸಹೋದ್ಯೋಗಿಗಳ ಜೊತೆ, ಚಿಕಿತ್ಸೆಗೆ ಇದರ ಉಪಯೋಗ ನಾವು ಅಂದುಕೊಂಡಷ್ಟಿಲ್ಲ ಅಂತ ಬರೆದರು. 2018ರಲ್ಲಿ ಕಾರ್ಡಿಫ್‌ನ ಕ್ರೇಗ್ ಹೆಡ್ಜ್ ಮತ್ತು ಸಂಗಡಿಗರು ಇನ್ನೂ ದೊಡ್ಡ ಬಾಂಬ್ ಹಾಕಿದರು. 1935ರಿಂದ ಬಂದಿರೋ ಸ್ಟ್ರೂಪ್ ಪರೀಕ್ಷೆ ಸೇರಿ ಗಮನದ ಹೆಸರಾಂತ ಪರೀಕ್ಷೆಗಳಲ್ಲಿ ಎಷ್ಟೋ, ಎಲ್ಲರಲ್ಲೂ ಒಂದೇ ಥರ ಫಲಿತಾಂಶ ಕೊಡುತ್ತವೆ ಅನ್ನೋ ಕಾರಣಕ್ಕೇ, ಒಬ್ಬರಿಗೂ ಇನ್ನೊಬ್ಬರಿಗೂ ಇರೋ ವ್ಯತ್ಯಾಸ ಅಳೆಯೋಕೆ ಲಾಯಕ್ಕಿಲ್ಲ. 2016ರಲ್ಲಿ 23 ಲ್ಯಾಬುಗಳು ಸೇರಿ 'ಮನಸ್ಸಿನ ಹಿಡಿತ ಬ್ಯಾಟರಿ ಥರ ಖಾಲಿಯಾಗುತ್ತೆ' ಅನ್ನೋ ಸಿದ್ಧಾಂತವನ್ನ ಮತ್ತೆ ಪರೀಕ್ಷೆ ಮಾಡಿದಾಗ ಹೆಚ್ಚುಕಮ್ಮಿ ಏನೂ ಸಿಗಲಿಲ್ಲ. ನಮ್ಮ ಪ್ರೊಡಕ್ಟಿವಿಟಿ ಪುಸ್ತಕಗಳು ಮಾತ್ರ ಇನ್ನೂ ಅದನ್ನೇ ಜಪಿಸ್ತಿವೆ.

ಹಾಗಾಗಿ ತಂಗಿಯ ನಾಲ್ಕು ವರ್ಷದ ಬಹುಪಾಲು ಹೋಗಿದ್ದು ತಕ್ಕಡಿ ರಿಪೇರಿಗೆ. ಕಣ್ಣಿನ ಚಲನೆಯನ್ನೇ ನೇರವಾಗಿ ಅಳೆದರೆ ಹೇಗೆ, ಎಷ್ಟು ಸಲ ಅಳೆದರೆ ಅಂಕಿ ನಿಲ್ಲುತ್ತೆ, ನಮ್ಮೂರಿನ ಬೀಡಿ, ಗುಟ್ಕಾ ಚಿತ್ರ ಹಾಕಬೇಕಾ ಅಮೆರಿಕದ ಸಿಗರೇಟಿನ ಚಿತ್ರವೇ ಸಾಕಾ. ಇದರಲ್ಲಿ ರೀಲ್ ಮಾಡೋಕೆ ಏನೂ ಇಲ್ಲ. ನೆಂಟರ ಭಾಷೆಯಲ್ಲಿ ಇದು 'ಏನೂ ಕಂಡುಹಿಡಿದಿಲ್ಲ'. ಅಲ್ಲ ಸ್ವಾಮಿ, ಟೆಸ್ಟಿಂಗ್ ಎನ್ವಿರಾನ್‌ಮೆಂಟೇ ಕೆಟ್ಟಿದೆ ಅಂತ ಹಿಡಿದುಕೊಟ್ಟ ಇಂಜಿನಿಯರ್‌ಗೆ ನೀವು ಬೋನಸ್ ಕೊಡ್ತೀರಲ್ವಾ? ಅದೇ ಕೆಲಸ ಇವಳು ಮಾಡಿದ್ರೆ 'ಪಾಪ, ಇನ್ನೂ ಮುಗಿದಿಲ್ವಂತೆ'!

ದುಡ್ಡಿನ ಮಾತು ಬಂತು, ಅದನ್ನೂ ಹೇಳಿಬಿಡ್ತೀನಿ. 2023ರಲ್ಲಿ ಏರಿಸಿದ ಮೇಲೆ ಜೂನಿಯರ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಸೀನಿಯರ್‌ಗೆ 42,000. ಅದೂ ಬಂದ ತಿಂಗಳು ಬಂತು. ನಾಲ್ಕು ತಿಂಗಳು ಕಾಯಿಸಿ ಒಟ್ಟಿಗೆ ಬಿದ್ದಾಗ ಅವಳು ಮೊದಲು ತೀರಿಸೋದು ಪಿಜಿ ಬಾಡಿಗೆಯ ಸಾಲ. ಪ್ರಯೋಗಕ್ಕೆ ಬರೋರಿಗೆ ಓಡಾಟದ ಖರ್ಚು ಅಂತ 200 ರೂಪಾಯಿ ಕೊಡಬೇಕು. ಅದಕ್ಕೂ ಮೊದಲು ನೈತಿಕ ಸಮಿತಿಯ ಒಪ್ಪಿಗೆ. ಕನ್ನಡದಲ್ಲೊಂದು ಇಂಗ್ಲಿಷಲ್ಲೊಂದು ಒಪ್ಪಿಗೆ ಪತ್ರ, "ಯಾವಾಗ ಬೇಕಾದರೂ ಎದ್ದು ಹೋಗಬಹುದು" ಅನ್ನೋ ಸಾಲು ದಪ್ಪಕ್ಷರದಲ್ಲಿ. ಸಮಿತಿ ಎರಡು ಸಲ ವಾಪಸ್ ಕಳಿಸಿತ್ತು. ಅರವತ್ತು ಜನರನ್ನ ಬಟನ್ ಒತ್ತಿಸೋಕೆ ಏಳು ತಿಂಗಳ ತಯಾರಿ.

ಸರಿಯಾಗಿಯೇ ಇದೆ ಅದು, ಇರಬೇಕು. ನನ್ನ ತಕರಾರು ಆ ಸಮಿತಿ ಮೇಲಲ್ಲ. ಇನ್ನೊಂದು ಕಡೆ ನೋಡಿ. 2012ರ ಜನವರಿಯಲ್ಲಿ ಫೇಸ್‌ಬುಕ್ ಒಂದು ವಾರ 6,89,003 ಜನರ ಫೀಡಿನಲ್ಲಿ ಕೆಲವರಿಗೆ ಖುಷಿಯ ಪೋಸ್ಟುಗಳನ್ನ, ಕೆಲವರಿಗೆ ಬೇಸರದ ಪೋಸ್ಟುಗಳನ್ನ ಕಮ್ಮಿ ಮಾಡಿ, ಅವರು ಬರೆಯೋದು ಬದಲಾಗುತ್ತಾ ಅಂತ ನೋಡಿತು. ಅವರಲ್ಲಿ ಒಬ್ಬರನ್ನೂ ಪ್ರತ್ಯೇಕವಾಗಿ ಕೇಳಲಿಲ್ಲ. ನೀವು ಒತ್ತಿದ 'ಐ ಅಗ್ರೀ' ಸಾಕಂತೆ. 2014ರಲ್ಲಿ ಪ್ರಬಂಧವಾಗಿ ಬಂದ ಮೇಲೆ ಗಲಾಟೆ ಆಯ್ತು. ಅದರಿಂದ ಕಂಪನಿಗಳು ಕಲಿತ ಪಾಠ ಪ್ರಯೋಗ ನಿಲ್ಲಿಸಬೇಕು ಅಂತಲ್ಲ. ಎ-ಬಿ ಟೆಸ್ಟ್ ಅಂದ್ರೆ ಏನು ಅಂತ ಈ ಪುಸ್ತಕ ಓದೋರಲ್ಲಿ ಅರ್ಧ ಜನಕ್ಕೆ ನಾನು ವಿವರಿಸಬೇಕಾಗಿಲ್ಲ. ಗಂಟೆ ಗುರುತು ಕೆಂಪಿರಲಾ ನೀಲಿ ಇರಲಾ, ಮುಂದಿನ ವಿಡಿಯೋ ತಾನಾಗಿ ಓಡಲಾ ಬೇಡವಾ ಅಂತ ಲಕ್ಷಾಂತರ ಜನರ ಮೇಲೆ ಸೋಮವಾರ ಬಿಟ್ಟು ಶುಕ್ರವಾರ ಗ್ರಾಫ್ ನೋಡೋರು ನಾವೇ. ಗಮನದ ಬಗ್ಗೆ ಜಗತ್ತಿನ ಅತಿ ದೊಡ್ಡ ದಾಸ್ತಾನು ನಮ್ಮ ಸರ್ವರಿನಲ್ಲಿದೆ. ತಂಗಿಯಂಥವರಿಗೆ ಅದರಲ್ಲಿ ಒಂದು ಸಾಲೂ ಸಿಗೋದಿಲ್ಲ, ಅದು ವ್ಯಾಪಾರದ ಗುಟ್ಟು. ಗೋದಾಮಿನ ಬೀಗದ ಕೈ ಕಿಸೆಯಲ್ಲಿ ಇಟ್ಟುಕೊಂಡು, ಹೊರಗೆ ಕಾಳು ಆಯ್ತಾ ಕೂತವಳನ್ನ "ಏನಮ್ಮಾ, ಇಷ್ಟೇನಾ ಸಿಕ್ಕಿದ್ದು?" ಅಂತ ಕೇಳೋದಕ್ಕೆ ಮುಖ ಹೇಗೆ ಬರುತ್ತೆ? ಟಿಪ್ ಮಾರೋ ವ್ಯವಹಾರವನ್ನೂ ನಾವೇ ಇಟ್ಟುಕೊಂಡಿದ್ದೀವಿ. ನಿರ್ ಇಯಾಲ್ ಅನ್ನೋ ಲೇಖಕ 2014ರಲ್ಲಿ ಜನಕ್ಕೆ ಅಭ್ಯಾಸ ಹತ್ತಿಸೋ ಪ್ರಾಡಕ್ಟ್ ಮಾಡೋದು ಹೇಗೆ ಅಂತ 'ಹುಕ್ಡ್' ಪುಸ್ತಕ ತಂದರು, 2019ರಲ್ಲಿ ಗಮನ ಕದಡದಂತೆ ಬದುಕೋದು ಹೇಗೆ ಅಂತ 'ಇನ್‌ಡಿಸ್ಟ್ರಾಕ್ಟಬಲ್'. ಎರಡೂ ಚೆನ್ನಾಗಿ ಮಾರಾಟವಾದವು. ನನ್ನ ಟೀಮಿನ ಶೆಲ್ಫಿನಲ್ಲಿ ಅಕ್ಕಪಕ್ಕ ನಿಂತಿವೆ.

'ಅಡಿಕ್ಷನ್' ಅನ್ನೋ ಪದವನ್ನ ನಾವು ಚಿಲ್ಲರೆ ಮಾಡಿರೋದು ಇನ್ನೂ ಕೆಟ್ಟದ್ದು. ಫಿಲ್ಟರ್ ಕಾಫಿಗೆ ಅಡಿಕ್ಟ್, ಕೊರಿಯನ್ ಸೀರಿಯಲ್ಲಿಗೆ ಅಡಿಕ್ಟ್. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿಯಲ್ಲಿ ಗೇಮಿಂಗ್ ಕಾಯಿಲೆ ಸೇರಿದೆ, ಜೂಜು ಇದೆ, ಸೋಷಿಯಲ್ ಮೀಡಿಯಾ ಹೆಸರಿನ ಕಾಯಿಲೆ ಇಲ್ಲ. ಮುಂದೆ ಸೇರಬಹುದು. ಫೋನಿನಿಂದ ನಿಜಕ್ಕೂ ಬದುಕು ಕೆಡಿಸಿಕೊಂಡವರು ಇದ್ದಾರೆ, ಅವರಿಗಾಗಿ ನಿಮ್ಹಾನ್ಸ್ 2014ರಲ್ಲೇ 'ಶಟ್' ಕ್ಲಿನಿಕ್ ಶುರು ಮಾಡಿದೆ, ಹೋಗಬೇಕಾದವರು ದಯವಿಟ್ಟು ಹೋಗಿ. ನಾನು ಹೇಳ್ತಿರೋದು ಉಳಿದವರಿಗೆ. 2019ರಲ್ಲಿ ಬಂದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ 16 ಕೋಟಿ ಜನ ಕುಡೀತಾರೆ, ಅದರಲ್ಲಿ 5.7 ಕೋಟಿ ಜನಕ್ಕೆ ನೆರವು ಬೇಕು. ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಮಿಕ್ಕ 37 ಜನ ಎಲ್ಲಿ? ನಿಮ್ಮ ಅಪಾರ್ಟ್‌ಮೆಂಟಿನ ಹಿಂದೆ ಕಟ್ಟಡ ಏಳ್ತಿದೆಯಲ್ಲ, ಅದರ ಶೆಡ್ಡಿನಲ್ಲಿದ್ದಾರೆ. ನಿಮ್ಮ ಕ್ಯಾಬ್ ಓಡಿಸ್ತಿದ್ದಾರೆ. ನಿಮ್ಮದೇ ಊರಿನ ಮನೆಯ ಜಗಲಿ ಮೇಲೆ ಕೂತಿದ್ದಾರೆ, ಮನೆಯವರು ಅವರ ಬಗ್ಗೆ ಮಾತಾಡೋದನ್ನ ನಿಲ್ಲಿಸಿ ಎಷ್ಟೋ ವರ್ಷ ಆಗಿದೆ. ಡಿಟಾಕ್ಸ್ ಅನ್ನೋ ಪದ ನಿಜಕ್ಕೂ ಅವರದು. ಕೈ ನಡುಗಿ, ಫಿಟ್ಸ್ ಬಂದು, ಡ್ರಿಪ್ ಹಾಕಿ ಕಳೆಯೋ ದಿನಗಳ ಹೆಸರು ಅದು. ಅದನ್ನ ನಾವು ಎತ್ತಿಕೊಂಡು ಹೋಗಿ ಕಾಫಿ ತೋಟದಲ್ಲಿ ಮಾರ್ತಿದ್ದೀವಿ.

ಚಟ ಬರೀ ಮಿದುಳಿನ ಒಳಗೇ ನಡೆಯೋ ನಾಟಕ ಅಂತ ಹೇಳೋರಿಗೂ ತಂಗಿ ಒಂದು ಕತೆ ಹೇಳ್ತಾಳೆ. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕನ್ ಸೈನಿಕರಲ್ಲಿ ಸುಮಾರು 20 ಪರ್ಸೆಂಟ್ ಜನ ಅಲ್ಲಿ ಹೆರಾಯಿನ್, ಅಫೀಮಿನಂಥವಕ್ಕೆ ಅಂಟಿಕೊಂಡಿದ್ದರು. ಮನೆಗೆ ಬಂದರೆ ಊರು ಹಾಳಾಯ್ತು ಅಂತ ಸರ್ಕಾರ ಹೆದರಿತ್ತು. ಲೀ ರಾಬಿನ್ಸ್ ಅನ್ನೋ ಸಂಶೋಧಕಿ ಬೆನ್ನು ಹತ್ತಿ ನೋಡಿದಾಗ, ಹಾಗೆ ಅಂಟಿಕೊಂಡಿದ್ದವರಲ್ಲಿ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದಿದ್ದು ಸುಮಾರು 5 ಪರ್ಸೆಂಟ್ ಮಾತ್ರ. ಮಿದುಳು ಅದೇ, ಜಾಗ ಬೇರೆ. ಇದನ್ನ 1974ರ ಹೊತ್ತಿಗೆ ಪ್ರಕಟಿಸಿದಾಗ ಜನ ನಂಬಲಿಲ್ಲ. ಜಾಗ ಬದಲಾಯಿಸೋಕೆ ಆಗದ 37 ಜನರ ಬಗ್ಗೆ ಯೋಚಿಸೋಕೆ ಶುರು ಮಾಡಿದ್ರೆ, "ವಿಲ್‌ಪವರ್ ಇಲ್ಲ ರೀ ಅವರಿಗೆ" ಅನ್ನೋ ಮಾತು ಬಾಯಿಗೆ ಬರೋದು ಸ್ವಲ್ಪ ಕಷ್ಟ ಆಗಬಹುದು.

ಮುಂದಿನ ಸಲ ಇಂಥವರು ಸಿಕ್ಕಿದಾಗ ಏನು ಕೇಳಬೇಕು ಅಂತ ತಂಗಿಯನ್ನೇ ಕೇಳಿದೆ. "ಕೇಳೋದೇನೂ ಬೇಡ ಅಕ್ಕ, ಜನ ಕಳಿಸಿದ್ರೆ ಸಾಕು" ಅಂದಳು. ಅವಳಿಗೆ ಈಗ ಬೇಕಿರೋದು ಹೋಲಿಕೆಯ ಗುಂಪಿಗೆ ಸಿಗರೇಟು, ಗುಟ್ಕಾ ಎರಡೂ ಮುಟ್ಟದ, 25ರಿಂದ 35ರೊಳಗಿನ ಹದಿನಾಲ್ಕು ಮಂದಿ. ಭಾನುವಾರ ಬೆಳಿಗ್ಗೆ, ನಲವತ್ತು ನಿಮಿಷ, ಒಂದು ವಾರ ಬಿಟ್ಟು ಇನ್ನೊಂದು ಸಲ. ಮೊದಲ ವಾರ ಬಂದು ಎರಡನೇ ವಾರ ಕೈಕೊಡೋರೇ ಜಾಸ್ತಿಯಂತೆ, ಹಾಗೆ ಮಾಡಬೇಡಿ. 200 ರೂಪಾಯಿ ಕೊಡ್ತಾಳೆ. ಫೋನ್ ಬಾಗಿಲ ಹತ್ತಿರದ ಡಬ್ಬಿಯಲ್ಲಿ ಬಿಟ್ಟು ಒಳಗೆ ಹೋಗಬೇಕು.