ಕಣ್ಣಿಗೆ ಪಾಠ, ಕೈಗೆ ತರಬೇತಿ
2020ರ ಮಾರ್ಚ್ ಕೊನೆಗೆ ಕೋವಿಡ್ ಲಾಕ್‌ಡೌನ್ ಬಂದಾಗ ತುರ್ತಲ್ಲದ ಆಪರೇಷನ್‌ಗಳ ಜೊತೆ ಸರ್ಜನ್‌ಗಳ ಸಮ್ಮೇಳನಗಳೂ ನಿಂತವು. ಐದು ವರ್ಷಕ್ಕೆ ಕನಿಷ್ಠ 30 ತಾಸಿನ ಹೊಸ ಕಲಿಕೆ ಇರಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತದೆ. ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ವೈದ್ಯರು ಅದಕ್ಕಾಗಿ ಡ್ಯೂಟಿ ಬಿಟ್ಟು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕಿತ್ತು. ಸಮ್ಮೇಳನಗಳ ಜಾಗಕ್ಕೆ ಬಂದ ವೆಬಿನಾರ್ ಆ ಓಡಾಟ ತಪ್ಪಿಸಿತು, ಇದು ಸಣ್ಣ ಲಾಭವಲ್ಲ. ಕಲಿಯಬೇಕಿದ್ದುದೂ ಜೀವದ ಪ್ರಶ್ನೆಯೇ: ಪಿಪಿಇ ಕಿಟ್ ತೊಡುವಾಗಿನದಕ್ಕಿಂತ ಕಳಚುವಾಗ ಸೋಂಕಿನ ಭಯ ಹೆಚ್ಚು, ಲ್ಯಾಪರೊಸ್ಕೋಪಿಯಲ್ಲಿ ಹೊಟ್ಟೆಗೆ ತುಂಬಿದ ಗ್ಯಾಸನ್ನು ಕೋಣೆಗೆ ಬಿಡದೆ ಫಿಲ್ಟರ್ ಮೂಲಕ ತೆಗೆಯಬೇಕು. 2021ರ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದಾಗಲಂತೂ, ಸೈನಸ್‌ನಲ್ಲಿ ಸತ್ತ ಭಾಗವನ್ನು ಎಲ್ಲಿಯವರೆಗೆ ಕೆರೆದು ತೆಗೆಯಬೇಕು, ಕಣ್ಣು ಉಳಿಸಲು ಸಾಧ್ಯವೇ ಎಂಬುದನ್ನು ಎಂಡೋಸ್ಕೋಪಿ ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಬಹುದಿತ್ತು. ಥಿಯೇಟರಿನಲ್ಲಿ ಹಿರಿಯ ಸರ್ಜನ್‌ರ ಬೆನ್ನ ಹಿಂದೆ ನಿಂತವರಿಗೂ ಅಷ್ಟು ಹತ್ತಿರದಿಂದ ಕಾಣುವುದು ಕಷ್ಟ. ಆದರೆ ಕರುಳಿಗೆ ಹಾಕಿದ ಹೊಲಿಗೆಯನ್ನು ಎಷ್ಟು ಬಿಗಿದರೆ ಹರಿದೀತು, ಎಷ್ಟು ಸಡಿಲ ಬಿಟ್ಟರೆ ಸೋರೀತು ಎಂಬುದು ಬೆರಳಿಗೇ ಗೊತ್ತಾಗಬೇಕು, ಮೊಬೈಲ್ ಅದನ್ನು ಕಲಿಸಲಾರದು. ಈಗ ಸೋಂಕಿನ ಭಯ ಇಳಿದಿದೆ ಎಂದು ಆನ್‌ಲೈನ್ ಪಾಠ ಕೈಬಿಡುವುದೂ ತಪ್ಪು, ಅದೇ ಸಾಕೆಂದು ಕೂರುವುದೂ ತಪ್ಪು. 2015ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಗದಗಿನಲ್ಲೇ ಇದೆ. ತಾಲ್ಲೂಕು ಆಸ್ಪತ್ರೆಯ ಸರ್ಜನ್‌ಗಳಿಗೆ ಪಾಠ ಪರದೆಯ ಮೇಲೆ, ಕೈತರಬೇತಿ ಅಲ್ಲಿ ಸಿಗಲಿ, ಆ ದಿನಗಳನ್ನು ರಜೆಯಲ್ಲಿ ಮುರಿಯದೆ ಡ್ಯೂಟಿ ಎಂದೇ ಹಾಜರಿ ಹಾಕಲಿ.